ಗೆಜ್ಜೆವಸ್ತ್ರದ ಹಣ ಎಲ್ಲಿ ಕೂತಿತ್ತು?

ನನ್ನದು ಮುಟ್ಟಿಸುವ ಕಸುಬು. ಹೀಗೆಂದ ಕೂಡಲೇ ಅಂಚೆಯವನೋ ಕೊರಿಯರಿನವನೋ ಇರಬೇಕೆಂದು ತಿಳಿಯಬೇಡಿ. ಕಾಶಿಯ ಹನುಮಾನ್ ಘಾಟಿನಲ್ಲಿ, ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ತರ್ಪಣ, ಗಂಗಾಪೂಜೆ ಮಾಡಿಸುವ ಪುರೋಹಿತ ನಾನು. ನನ್ನ ಮುತ್ತಜ್ಜ ಈ ಊರಿಗೆ ಬಂದು ನೆಲೆಸಿದಾಗಿನಿಂದ ನಮ್ಮ ಮನೆಯವರು ಮಾಡುತ್ತ ಬಂದಿರುವುದು ಇದೊಂದೇ, ಇಲ್ಲಿ ಕೊಟ್ಟದ್ದನ್ನು ಅಲ್ಲಿಗೆ ಮುಟ್ಟಿಸುವುದು. ಹೆಸರು, ಗೋತ್ರ, ಸಂಬಂಧ ಹೇಳಿದರೆ ಸಾಕು, ಪಿನ್ ಕೋಡ್ ಕೂಡ ಬೇಡ. ಪಿಂಡವಿಟ್ಟು ಕೈ ತೊಳೆದ ಮೇಲೆ ಯಾತ್ರಿಕರಲ್ಲಿ ಯಾರಾದರೊಬ್ಬರು ನನ್ನ ಕಿವಿಯ ಹತ್ತಿರ ಬಂದು, “ಇದು ನಮ್ಮ ಅಪ್ಪಾರಿಗೆ ಮುಟ್ತದೇನ್ರೀ?” ಎಂದು ಮೆಲ್ಲಗೆ ಕೇಳುವುದುಂಟು. “ಶ್ರದ್ಧೆಯಿಂದ ಕೊಟ್ಟದ್ದು ಮುಟ್ಟೇ ಮುಟ್ಟುತ್ತದೆ. ರಸೀದಿ ಕೇಳಬಾರದು” ಎಂದು ನಾನು ಗಂಭೀರವಾಗಿ ಹೇಳುತ್ತೇನೆ. ನಮ್ಮಪ್ಪನೂ ಇದನ್ನೇ ಹೇಳುತ್ತಿದ್ದರು. ಆ ಉತ್ತರದ ಬಗ್ಗೆ ನನಗೆ ಎಂದೂ ಸಂಶಯ ಹುಟ್ಟಿರಲಿಲ್ಲ. ಅಂಥ ನಾನು, ಹುಬ್ಬಳ್ಳಿಯ ಒಬ್ಬ ಹೆಂಗಸು ಕೊಟ್ಟ ಹಣ ಕಾಶಿಗೆ ಮುಟ್ಟುವ ತನಕ ನಡುವೆ ಎಲ್ಲಿ ಕೂತಿರುತ್ತದೆ ಎಂದು ತಿಳಿಯಲಾರದೆ ಒಂದು ಇಡೀ ಮಳೆಗಾಲ ಊಟದ ರುಚಿ ಕೆಡಿಸಿಕೊಂಡೆ.

ಇದಕ್ಕೆಲ್ಲ ಮೂಲ ನನ್ನ ಹೆಂಡತಿ ಶಾರದೆಯ ಬೆರಳುಗಳು. ಅವಳು ನಂಜನಗೂಡಿನವಳು. ಮದುವೆಯಾಗಿ ಬಂದಾಗ ಅವಳ ಟ್ರಂಕಿನಲ್ಲಿ ಸೀರೆಗಿಂತ ಹತ್ತಿಯೇ ಹೆಚ್ಚಿತ್ತು ಎಂದು ನಮ್ಮಮ್ಮ ಕೊನೆಯವರೆಗೂ ಆಡಿಕೊಂಡು ನಗುತ್ತಿದ್ದರು. ನಮ್ಮಲ್ಲಿ ಇಳಿದುಕೊಂಡ ಯಾತ್ರಿಕರ ಊಟ ಮುಗಿದು, ಎಂಜಲೆಲೆ ಎತ್ತಿ, ನೆಲ ಸಾರಿಸಿದ ಮೇಲೆ ಅವಳು ಗಂಗೆಯ ಕಡೆಯ ಕಿಟಕಿಯ ಬಳಿ ಕಾಲು ಚಾಚಿ ಕೂರುತ್ತಾಳೆ. ಹತ್ತಿಯ ಕಾಳು ತೆಗೆದು, ಬಿಡಿಸಿ, ಬೆರಳಿಗೆ ವಿಭೂತಿ ಹಚ್ಚಿಕೊಂಡು ಹೊಸೆದು, ನಡುನಡುವೆ ಗೆಜ್ಜೆ ಕಟ್ಟಿ, ಕುಂಕುಮದ ಬೊಟ್ಟಿಟ್ಟು ದೇವರಿಗೆ ಗೆಜ್ಜೆವಸ್ತ್ರ ಮಾಡುತ್ತಾಳೆ. ಎರಡೆಳೆಯದು, ಐದೆಳೆಯದು, ಗೌರಿಗೆ ಹದಿನಾರೆಳೆಯದು. ನಾನು ಅದನ್ನು ದಿನವೂ ಬೆಳಿಗ್ಗೆ “ವಸ್ತ್ರಂ ಸಮರ್ಪಯಾಮಿ” ಎಂದು ದೇವರಿಗೆ ಏರಿಸುತ್ತೇನೆ. ಏರಿಸುವುದಷ್ಟೇ ನನ್ನ ಕೆಲಸ, ನೋಡುವುದು ದೇವರ ಕೆಲಸ ಎಂದುಕೊಂಡಿದ್ದೆ. ಊರಿಗೆ ಹೊರಟ ಹೆಂಗಸರಿಗೆ ಶಾರದೆ ಕುಂಕುಮದ ಜೊತೆಗೆ ಒಂದೊಂದು ಜೊತೆ ಕೊಡುವುದೂ ವಾಡಿಕೆ. ಅವರು ಕಣ್ಣಿಗೊತ್ತಿಕೊಂಡು ಹೊಗಳುತ್ತಾರೆ. ಹೊಗಳಿ, ದಕ್ಷಿಣೆಯನ್ನು ಮಾತ್ರ ನನ್ನ ಮುಂದೆ ಇಡುತ್ತಾರೆ.

ಇದು ನನಗೆ ಎಂದೂ ವಿಚಿತ್ರವಾಗಿ ಕಂಡಿರಲಿಲ್ಲ. ಶಾರದೆಗೆ ಕಂಡಿತ್ತು ಎಂದು ತಿಳಿದದ್ದು ಮಗಳು ಗಾಯತ್ರಿ ಆ ಮಾತೆತ್ತಿದ ದಿನ. ಗಾಯತ್ರಿ ಆಗ ಕಾಲೇಜಿನಲ್ಲಿ ಓದುತ್ತಿದ್ದಳು. ಅವಳ ಕನ್ನಡ ಇಲ್ಲಿ ಹುಟ್ಟಿದ ಎಲ್ಲ ಮಕ್ಕಳ ಕನ್ನಡದಂತೆ, ಎರಡು ಹೆಜ್ಜೆ ಕನ್ನಡದಲ್ಲಿ ಇಟ್ಟರೆ ಮೂರನೆಯದು ಹಿಂದಿಯಲ್ಲಿ. “ಅಮ್ಮಾ, ಇದನ್ನ ನೆಟ್ ಮೇಲೆ ಬೇಚೋಣ” ಎಂದಳು. “ಬೇಚೋದು ಗೀಚೋದು ಬೇಡ, ಮಾರೋಣ ಅನ್ನು” ಎಂದು ತಿದ್ದಿದ ಶಾರದೆ, ಬೇಡವೆನ್ನುತ್ತಾಳೆ ಎಂದು ನಾನು ಕಾಯುತ್ತಿರುವಾಗಲೇ, “ಆಯ್ತು, ಮಾರೋಣ” ಎಂದುಬಿಟ್ಟಳು. ದೇವರ ವಸ್ತುವನ್ನು ಮಾರುವುದೇ ಎಂದು ನಾನು ಶಾಸ್ತ್ರ ತೆಗೆದೆ. ಅವಳು ಹೊಸೆಯುತ್ತಿದ್ದ ಎಳೆಯಿಂದ ಕಣ್ಣೆತ್ತದೆ ಹೇಳಿದಳು: “ವಿಶ್ವನಾಥ ಗಲ್ಲೀಲಿ ಹೂವು, ಬಿಲ್ವಪತ್ರೆ, ಹಾಲು ಎಲ್ಲಾ ಮಾರ್ತಾರೆ, ನೀವೇ ಚೌಕಾಸಿ ಮಾಡಿ ತರ್ತೀರಿ. ನೋಡೀ, ಈ ಮನೇಲಿ ಬರೋದೆಲ್ಲಾ ದಕ್ಷಿಣೆ. ಯಾರೋ ಭಕ್ತಿಯಿಂದ ಕೊಟ್ಟಿದ್ದು, ಅದೂ ನಿಮಗೆ. ನನ್ನ ಕೈಕೆಲಸಕ್ಕೆ ಇಷ್ಟು ಬೆಲೆ ಅಂತ ಗುರುತು ಪರಿಚಯ ಇಲ್ಲದೋರು ಒಬ್ಬರಾದ್ರೂ ನನ್ನ ಹೆಸರಿಗೆ ಕೊಡಲಿ. ಒಂದೇ ಒಂದು ಸಲ. ಅದು ಹೇಗಿರುತ್ತೆ ನೋಡಬೇಕು ನಂಗೆ.” ತೆಗೆದ ಶಾಸ್ತ್ರವನ್ನು ಮಡಚಿಟ್ಟೆ. ಅವಳ ಹೆಸರಿನಲ್ಲಿ ಬ್ಯಾಂಕಿನಲ್ಲಿ ಖಾತೆ ತೆರೆದದ್ದಾಯಿತು. ಪಾಸ್‌ಬುಕ್ಕಿಗೆ ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿ ಇಟ್ಟಳು.

ಸೋನಾರ್‌ಪುರದಲ್ಲಿ ಮಿಶ್ರಾಜಿಯವರ ಸೈಬರ್ ಕೆಫೆ ಇತ್ತು. ಮೊದಲು ಅದು ಸೀರೆ ಅಂಗಡಿಯಾಗಿತ್ತು. ಗೋಡೆಯ ಕಪಾಟುಗಳಲ್ಲಿ ಸೀರೆಗಳ ಜಾಗಕ್ಕೆ ಕಂಪ್ಯೂಟರುಗಳು ಬಂದಿದ್ದವು, ನೆಲದ ಮೇಲಿನ ಬಿಳಿ ಹಾಸಿಗೆ ಮಾತ್ರ ಹಾಗೇ ಉಳಿದಿತ್ತು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಗಾಯತ್ರಿ ಅಲ್ಲಿ ಕೂತು, ಯಾರು ಬೇಕಾದರೂ ಏನು ಬೇಕಾದರೂ ಮಾರಬಹುದಾದ ಒಂದು ಜಾಲತಾಣದಲ್ಲಿ ಅಮ್ಮನ ಹೆಸರು ಬರೆಸಿ, ಹದಿನಾರೆಳೆ ಗೆಜ್ಜೆವಸ್ತ್ರದ ಚಿತ್ರ ಏರಿಸಿದಳು. ನನಗೆ ಪಕ್ಕದಲ್ಲಿ ಕೂತು ಪ್ರಶ್ನೆ ಕೇಳುವ ಕೆಲಸ.

ಅವಳು ವಿವರಿಸಿದ ಕ್ರಮ ಹೀಗಿತ್ತು. ಕೊಳ್ಳುವವರು ಚಿತ್ರ ನೋಡಿ ಮೆಚ್ಚಿದರೆ ತಮ್ಮ ಬ್ಯಾಂಕಿನ ಕಾರ್ಡಿನಿಂದ ಹಣ ಕಟ್ಟುತ್ತಾರೆ. ಆ ಹಣ ನಮಗೆ ಬರುವುದಿಲ್ಲ. ತಾಣದವರದೇ ಒಂದು ಹಣ ಮುಟ್ಟಿಸುವ ಸೇವೆ ಇದೆ, ಅಲ್ಲಿಗೆ ಹೋಗಿ ಕೂರುತ್ತದೆ. ಆಗ ನಮಗೊಂದು ಮೇಲ್ ಬರುತ್ತದೆ, ಹಣ ಬಂದಿದೆ, ವಸ್ತು ಕಳಿಸಿ ಎಂದು. ನಾವು ಕೊರಿಯರಿನಲ್ಲಿ ಕಳಿಸಿ, ಅವರು ಕೊಟ್ಟ ಚೀಟಿಯ ನಂಬರನ್ನು ತಾಣದಲ್ಲಿ ತುಂಬಬೇಕು. ವಸ್ತು ಕೈಸೇರಿತು ಎಂದು ಕೊಂಡವರು ಗುಂಡಿ ಒತ್ತಿದ ಮೇಲೆ ಆ ಸೇವೆಯವರು ತಮ್ಮ ಕಮಿಷನ್ ಮುರಿದುಕೊಂಡು ಉಳಿದದ್ದನ್ನು ನಮ್ಮ ಖಾತೆಗೆ ಹಾಕುತ್ತಾರೆ. ವಸ್ತು ಹೋಗದಿದ್ದರೆ ಹಣ ಕೊಟ್ಟವರಿಗೇ ವಾಪಸು. “ಅವರಿಗೆ ನಾವು ಕಾಣೋದಿಲ್ಲ, ನಮಗೆ ಅವರು ಕಾಣೋದಿಲ್ಲ. ಭರೋಸಾ ಹೇಗೆ ಬರ್ತದೆ ಅಪ್ಪಾ? ಅದಕ್ಕೇ ನಡುವೆ ಇವರು. ಬಸ್, ಇಷ್ಟೇ” ಎಂದಳು ಗಾಯತ್ರಿ.

ಅವಳಿಗೆ ಅಷ್ಟೇ. ನನಗೆ ಅಲ್ಲಿಂದಲೇ ಶುರುವಾಯಿತು. ಕೊಟ್ಟವರ ಕೈ ಬಿಟ್ಟಿದೆ, ತಗೊಳ್ಳುವವರ ಕೈ ಸೇರಿಲ್ಲ. ಹಾಗಾದರೆ ಆ ಹೊತ್ತಿನಲ್ಲಿ ಹಣ ಯಾರದು? ಎಲ್ಲಿರುತ್ತದೆ? ನೋಟಾಗಿರುತ್ತದೋ ಬರೀ ಅಂಕಿಯಾಗಿರುತ್ತದೋ? ನಡುವಿನವರು ಓಡಿಹೋದರೆ? ಮಿಶ್ರಾಜಿಯವರನ್ನು ಕೇಳಿದೆ. ಅವರು ಬಾಯಿತುಂಬ ಪಾನ್ ಇಟ್ಟುಕೊಂಡಿದ್ದರಿಂದ ಮುಖವನ್ನು ಮೇಲಕ್ಕೆತ್ತಿ, ತುಟಿ ಬಿಗಿಹಿಡಿದು, “ಸರ್ವರ್ ಮೇಂ ಹೈ ಪಂಡಿತ್‌ಜೀ, ಸರ್ವರ್ ಮೇಂ” ಎಂದು ಕೈಯನ್ನೂ ಮೇಲಕ್ಕೆ ತೋರಿಸಿದರು. ನಾನು ಮೇಲೆ ನೋಡಿದೆ. ಅಲ್ಲಿ ಫ್ಯಾನಿತ್ತು, ಕರೆಂಟು ಹೋಗಿ ನಿಂತಿತ್ತು. ಕೊಟ್ಟ ಕಡೆಯಿಂದ ಹೊರಟು ಸೇರಬೇಕಾದ ಕಡೆ ಸೇರದೆ ನಡುವೆ ತಂಗಿರುವ ಸ್ಥಿತಿಗೆ ನಮ್ಮ ಶಾಸ್ತ್ರದಲ್ಲಿ ಪ್ರೇತಾವಸ್ಥೆ ಎಂಬ ಹೆಸರಿದೆ. ಆದರೆ ಹೆಂಡತಿಯ ಮೊದಲ ವ್ಯಾಪಾರಕ್ಕೆ ಆ ಹೆಸರು ಹಚ್ಚಿದರೆ ಮನೆಯಲ್ಲಿ ಅನ್ನ ಹುಟ್ಟುವುದಿಲ್ಲವೆಂದು ಬಾಯಿ ಮುಚ್ಚಿಕೊಂಡೆ.

ಕೊನೆಗೆ ಉತ್ತರ ಹೊಳೆದದ್ದು ಒಂದು ಗಂಗಾಪೂಜೆಯ ನಡುವೆ, ಅದೂ ಮಂತ್ರದ ಮಧ್ಯದಲ್ಲಿ. ಸಂಕಲ್ಪದ ಹೊತ್ತಿಗೇ ಯಜಮಾನರು ವೀಳ್ಯದೆಲೆ, ಅಡಿಕೆ, ದಕ್ಷಿಣೆಯನ್ನು ತಟ್ಟೆಯಲ್ಲಿಟ್ಟು ಕಲಶದ ಪಕ್ಕದಲ್ಲಿ ಇಡುತ್ತಾರೆ. ಪೂಜೆ ಮುಗಿಯುವವರೆಗೆ ಅದು ಅಲ್ಲೇ ಇರುತ್ತದೆ. ಕೊಟ್ಟವರು ಮತ್ತೆ ಕೈ ಹಾಕುವಂತಿಲ್ಲ, ನಾನು ಮುಟ್ಟುವಂತಿಲ್ಲ, ಇಬ್ಬರ ಕಣ್ಣೂ ಅದರ ಮೇಲೆ. ಪೂಜೆ ಸಾಂಗವಾಯಿತೆಂದು ಯಜಮಾನರು ನೀರು ಬಿಟ್ಟು ‘ನ ಮಮ’, ಇನ್ನು ನನ್ನದಲ್ಲ, ಅಂದಾಗ ಮಾತ್ರ ಅದು ನನ್ನದು. ಇಷ್ಟೇ ತಾನೇ! ಆ ಸೇವೆಯೆಂದರೆ ಒಂದು ತಟ್ಟೆ, ಗುಂಡಿ ಒತ್ತುವುದೆಂದರೆ ‘ನ ಮಮ’. ನಮ್ಮ ಮನೆತನ ತಲೆಮಾರುಗಳಿಂದ ನಡೆಸುತ್ತ ಬಂದದ್ದನ್ನೇ ಯಾರೋ ಈಗ ಕಂಪ್ಯೂಟರಿಗೆ ಹಾಕಿ ಕಮಿಷನ್ ತಿನ್ನುತ್ತಿದ್ದಾರೆ. ನನಗೆ ಎಷ್ಟು ಸಂತೋಷವಾಯಿತೆಂದರೆ ಆ ಯಾತ್ರಿಕರಿಗೆ ಒಂದು ಅರ್ಚನೆ ಹೆಚ್ಚಿಗೆ ಮಾಡಿಸಿದೆ. ತತ್ತ್ವ ಪೂರ್ತಿ ಅರ್ಥವಾದವನಿಗೆ ಪ್ರಯೋಗದಲ್ಲಿ ಏನು ತೊಡಕು ಎಂದು ಬೀಗಿದೆ.

ಆಷಾಢದ ಮೊದಲಲ್ಲಿ ಮೇಲ್ ಬಂತು. ಹುಬ್ಬಳ್ಳಿಯ ವಿಜಯಾ ಎಂಬವರು ಹದಿನಾರೆಳೆಯದು ಎರಡು ಜೊತೆ ಕೊಂಡಿದ್ದರು, ಹೊಸ ಸೊಸೆಯ ಮೊದಲ ಗೌರಿಹಬ್ಬಕ್ಕೆಂದು ಬರೆದಿದ್ದರು. ಹಣ ತಟ್ಟೆಗೆ ಬಿದ್ದಿತ್ತು. ಶಾರದೆ ಆ ಮೇಲನ್ನು ಗಾಯತ್ರಿಯಿಂದ ಮತ್ತೆ ಮತ್ತೆ ಓದಿಸಿಕೊಂಡಳು. ಆಮೇಲೆ ಬಾಳೆಪಟ್ಟೆಯ ಮೇಲೆ ಗೆಜ್ಜೆವಸ್ತ್ರವನ್ನು ಮಲಗಿಸಿ, ಮೇಲೆ ಹೊಸ ಬಟ್ಟೆ ಮುಚ್ಚಿ, ಹಸುಗೂಸನ್ನು ಹೊದಿಸಿದಂತೆ ಪೆಟ್ಟಿಗೆ ಕಟ್ಟಿದಳು. ಅಷ್ಟರಲ್ಲಿ ಗಾಯತ್ರಿ ಪರೀಕ್ಷೆಗೆಂದು ಅಲಹಾಬಾದಿನ ನನ್ನ ತಂಗಿಯ ಮನೆಗೆ ಹೊರಟಳು. ಹೊರಡುವಾಗ, “ಅಪ್ಪಾ, ಕೊರಿಯರ್ ಮಾಡಿ, ನಂಬರ್ ಹಾಕೋದು ಮರೀಬೇಡಿ” ಎಂದು ಹೇಳಿಹೋದಳು.

ಈಗ ನಮ್ಮವರ ಒಂದು ಪದ್ಧತಿ ಹೇಳಬೇಕು. ಕಾಶಿಯ ಕನ್ನಡದವರು ಊರಿಗೆ ಏನು ಕಳಿಸಬೇಕಾದರೂ ಹೋಗುವವರ ಕೈಯಲ್ಲಿ ಕಳಿಸುತ್ತೇವೆ. ನನ್ನ ಅಜ್ಜಿಯ ಚಿನ್ನದ ಸರ ಹೀಗೇ ಹೋಗಿತ್ತು, ನನ್ನ ಜಾತಕ ಹೀಗೇ ನಂಜನಗೂಡಿಗೆ ಹೋಗಿತ್ತು, ಶಾರದೆಯ ಒಪ್ಪಿಗೆ ಹೀಗೇ ಬಂದಿತ್ತು. ಯಾವುದೂ ದಾರಿ ತಪ್ಪಿಲ್ಲ. ಆ ದಿನ ನಮ್ಮ ಮನೆಯಲ್ಲಿ ಇಳಿದುಕೊಂಡಿದ್ದವರು ಯಾರೆಂದುಕೊಂಡಿರಿ? ಹುಬ್ಬಳ್ಳಿಯ ಕುಲಕರ್ಣಿ ರಾಯರು ಮತ್ತು ಅವರ ಪತ್ನಿ! ವಿಳಾಸ ತೋರಿಸಿದೆ. “ಅಯ್ಯ, ನಮ್ಮ ಮನಿಯಿಂದ ಎರಡು ಓಣಿ ಆಚೆ ಆಗ್ತದರಿ. ಇದನ್ನೇನು ಕೊರಿಯರ್ ಮಾಡ್ತೀರಿ, ರೊಕ್ಕ ದಂಡ. ಕೊಡ್ರಿಲ್ಲೆ, ನಾ ಸ್ವತಃ ಮುಟ್ಟಸ್ತೀನಿ” ಎಂದರು. ವಿಶ್ವನಾಥನೇ ಹುಬ್ಬಳ್ಳಿಯಿಂದ ಕೊರಿಯರಿನವನನ್ನು ಕಳಿಸಿದ್ದಾನೆ ಎನಿಸಿತು. ರೈಲಿನಲ್ಲಿ ಅವರ ಸೀಟಿನ ಕೆಳಗೆ ನಾನೇ ಪೆಟ್ಟಿಗೆ ಇಟ್ಟು, ಗಂಗಾಜಲ ತುಂಬಿದ ತಾಮ್ರದ ಥಾಲಿಗಳ ಗಂಟಿನ ಜೊತೆ ಕಟ್ಟಿಸಿ ಬಂದೆ. ಅವರ ಟಿಕೆಟ್ ಚೆನ್ನೈಗಿತ್ತು. ಅದು ನನಗೆ ಗೊತ್ತಿತ್ತು, ಏಕೆಂದರೆ ಟಿಕೆಟ್ ಮಾಡಿಸಿಕೊಟ್ಟವನೇ ನಾನು. ಆದರೆ ಕಾಶಿಯಲ್ಲಿ ಕೂತವನಿಗೆ ಚೆನ್ನೈ, ಹುಬ್ಬಳ್ಳಿ ಎಲ್ಲ ಒಂದೇ ದಿಕ್ಕು. ದಕ್ಷಿಣಕ್ಕೆ ಹೋಯಿತಲ್ಲ, ಸಾಕು ಎಂದುಕೊಂಡೆ.

ಇನ್ನು ನಂಬರು. ಮಿಶ್ರಾಜಿಯವರ ಕೆಫೆಗೆ ಹೋಗಿ ಕೂತೆ. ತಾಣ ಕೇಳಿತು, ವಸ್ತುವನ್ನು ಯಾರ ಮೂಲಕ ಕಳಿಸಿದ್ದೀರಿ? ‘ಕುಲಕರ್ಣಿ’ ಎಂದು ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ವಸ್ತು ಈಗ ಎಲ್ಲಿದೆ ಎಂದು ತಿಳಿಯುವ ನಂಬರು? ಅದೂ ನನ್ನ ಹತ್ತಿರ ಇತ್ತು. ರಾಯರ ರೈಲು ಟಿಕೆಟ್ಟಿನ ಪಿ.ಎನ್.ಆರ್. ನಂಬರು. ಪೆಟ್ಟಿಗೆ ಆ ಸೀಟಿನ ಕೆಳಗೇ ಇತ್ತಾದ್ದರಿಂದ ಇದಕ್ಕಿಂತ ಪ್ರಾಮಾಣಿಕವಾದ ನಂಬರು ಕೊಡುವುದು ಯಾವ ಕೊರಿಯರಿನವನಿಂದಲೂ ಸಾಧ್ಯವಿರಲಿಲ್ಲ. ತಾಣ ಚಕಾರವೆತ್ತದೆ ನುಂಗಿಕೊಂಡು ಧನ್ಯವಾದ ಹೇಳಿತು. ಮಿಶ್ರಾಜಿಯವರೂ, “ಅಬ್ ತೋ ಆಪ್ ಎಕ್ಸ್‌ಪರ್ಟ್ ಹೋ ಗಯೇ” ಎಂದರು. ಮನೆಗೆ ಹೋಗಿ ಶಾರದೆಗೆ, ಇನ್ನೇನು ನಾಲ್ಕಾರು ದಿನ, ಪಾಸ್‌ಬುಕ್ಕು ಸಿದ್ಧವಾಗಿಟ್ಟುಕೋ ಎಂದೆ.

ಆಷಾಢ ಮುಗಿಯಿತು. ಪಾಸ್‌ಬುಕ್ಕಿನಲ್ಲಿ ಅರಿಶಿನ ಕುಂಕುಮ ಬಿಟ್ಟರೆ ಬೇರೇನೂ ಮೂಡಲಿಲ್ಲ. ಪರೀಕ್ಷೆ ಮುಗಿಸಿ ಬಂದ ಗಾಯತ್ರಿ ಕೆಫೆಗೆ ಹೋಗಿ ನೋಡಿದವಳು ಅಲ್ಲಿಂದಲೇ ಓಡಿಬಂದಳು. “ಅಪ್ಪಾ, ಯೇ ಕ್ಯಾ ಕಿಯಾ! ಕೊರಿಯರ್ ಕಂಪನಿ ಕುಲಕರ್ಣಿಯಾ? ನೀವು ಹಾಕಿದ ನಂಬರಲ್ಲಿ ಯಾವ ಪಾರ್ಸಲೂ ಇಲ್ಲ ಅಂತ ಬಂದಿದೆ. ಸಾಮಾನು ಸಿಕ್ಕಿಲ್ಲ ಅಂತ ಅವರು ಶಿಕಾಯತ್ ಮಾಡಿದ್ದಾರೆ. ಪೈಸೆ ವಾಪಸ್ ಆಗೋಯ್ತು. ಅಮ್ಮನ ಹೆಸರಿನ ಮುಂದೆ ನಿಶಾನ್ ಹಾಕಿದ್ದಾರೆ.” ಏನು ನಿಶಾನಿ ಎಂದು ಶಾರದೆ ಕೇಳಿದಳು. ಗಾಯತ್ರಿ ಓದಿಕೊಂಡು ಬಂದದ್ದನ್ನು ಹೇಳಿದಳು. ಮಾರಾಟಗಾರರು ಹಣ ಕಟ್ಟಿಸಿಕೊಂಡು ವಸ್ತು ಕಳಿಸಲಿಲ್ಲ, ಎಚ್ಚರಿಕೆ.

ಶಾರದೆ ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಎದ್ದು ಹೋಗಿ ದೇವರ ಗೂಡಿನಿಂದ ಪಾಸ್‌ಬುಕ್ ತೆಗೆದು ಸೀರೆಗಳ ಕೆಳಗೆ ಇಟ್ಟಳು. “ಅವರು ನನ್ನ ಮುಖ ನೋಡಿಲ್ಲ. ನನ್ನ ಹೆಸರೊಂದೇ ಅವರಿಗೆ ಗೊತ್ತಿರೋದು. ಈಗ ಅದು ಮೋಸಗಾರ್ತಿ ಹೆಸರು” ಎಂದಳು. ಯಾತ್ರಿಕರಿಗೆ ಸಮಾಧಾನ ಹೇಳುವ ಮಾತುಗಳು ನನ್ನ ಹತ್ತಿರ ಎಷ್ಟೋ ಇದ್ದವು, ಒಂದೂ ಅವಳಿಗೆ ಹೇಳುವಂಥದಿರಲಿಲ್ಲ.

ಕುಲಕರ್ಣಿ ರಾಯರ ಮನೆಗೆ ಫೋನು ಹಚ್ಚಿದೆ. ಮಗ ಎತ್ತಿದ. “ಅಪ್ಪಾರು ಇನ್ನೂ ಬಂದಿಲ್ರಿ. ರಾಮೇಶ್ವರಕ್ಕ ಹೋದರು, ಅಲ್ಲಿಂದ ಕನ್ಯಾಕುಮಾರಿ, ಈಗ ತಿರುಪತಿಯಾಗ ಇದ್ದಾರ. ಗಂಗಾ ಒಯ್ದು ರಾಮೇಶ್ವರದಾಗ ಅಭಿಷೇಕ ಮಾಡಿಸದಿದ್ರ ಕಾಶಿಯಾತ್ರಿ ಪೂರ್ತಿ ಆಗೂದಿಲ್ಲ ಅಂತ ನೀವss ಹೇಳಿದ್ರಂತಲ್ಲ?” ಹೇಳಿದ್ದೆ. ಎಲ್ಲರಿಗೂ ಹೇಳುತ್ತೇನೆ. ಆ ಮಾತು ಹೇಳುವಾಗ ನನ್ನ ದನಿ ವಿಶೇಷವಾಗಿ ಕಂಪಿಸುತ್ತದೆ. ಶಾರದೆಯ ಗೆಜ್ಜೆವಸ್ತ್ರ ನನ್ನ ಉಪದೇಶದ ಬಲದಿಂದಲೇ ಸೇತುಬಂಧದವರೆಗೆ ಹೋಗಿ ಸಮುದ್ರ ನೋಡಿ ಬಂದಿತ್ತು. ಶ್ರಾವಣದಲ್ಲಿ ಮತ್ತೆ ಫೋನು ಮಾಡಿದೆ. ರಾಯರು ಮನೆ ಸೇರಿದ್ದರು. ಪೆಟ್ಟಿಗೆ ಕೊಟ್ಟಿರಾ ಎಂದೆ. “ಹೆಂಗ ಕೊಡೂದು ಶಾಸ್ತ್ರಿಗಳ? ಗಂಗಿ ಗಂಟಿನಾಗ ಕಟ್ಟೀರಿ ನೀವು. ಸಮಾರಾಧನಿ ದಿನ ಪೂಜಿ ಮಾಡೂತನಕ ಆ ಗಂಟು ಬಿಚ್ಚೂ ಹಂಗಿಲ್ಲಂತ ನೀವss ಹೇಳೀರಿ.” ಅದನ್ನೂ ಹೇಳಿದ್ದೆ. ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಶಾರದೆ, “ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ ಅಂತಾರಲ್ಲ, ಹಾಗೆ ನೀವು ಒಂದಿಷ್ಟು ಬದನೇಕಾಯಿ ತಿನ್ನೋರಾಗಿದ್ರೆ ಚೆನ್ನಾಗಿತ್ತು. ಹೇಳಿದ್ದನ್ನೆಲ್ಲ ಜನ ಹೀಗೆ ಪಾಲಿಸೋ ಹಾಗೆ ಹೇಳಿದ್ದೀರಲ್ಲ” ಎಂದಳು. ಸಮಾರಾಧನೆಗೆ ವಿಜಯಾ ಅವರನ್ನೂ ಊಟಕ್ಕೆ ಕರೆಯಿರಿ, ಗಂಟು ಬಿಚ್ಚಿದ ಕೂಡಲೇ ಅವರ ಕೈಗೇ ಕೊಟ್ಟುಬಿಡಿ ಎಂದು ರಾಯರನ್ನು ಬೇಡಿಕೊಂಡೆ.

ಗೌರಿಹಬ್ಬ ಇನ್ನೇನು ಬಂತು ಎನ್ನುವಾಗ ಫೋನು ಗಣಗಣಿಸಿತು. ವಿಜಯಾ ಅವರು. ಶಾರದೆ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆ ಕಡೆಯ ದನಿ ನನಗೂ ಕೇಳುವಷ್ಟು ದೊಡ್ಡದಾಗಿತ್ತು. “ಶಾರದಕ್ಕಾರ, ನಾನು ನಿಮ್ಮ ಮ್ಯಾಲೆ ಶಿಕಾಯತಿ ಬರದೀನ್ರಿ, ತಪ್ಪಾತು. ಮೊನ್ನೆ ಸಮಾರಾಧನಿಯೊಳಗ ಕೈಯಾಗ ಬಂತು. ಗಂಗೀ ಜೋಡಿ ರಾಮೇಶ್ವರಕ್ಕ ಹೋಗಿ ಬಂದದ್ದು ಅಂದ್ರ ನಮ್ಮ ಗೌರಿ ಪುಣ್ಯ. ಎಲ್ಲಾ ಗೆಜ್ಜಿ ಒಂದss ಅಳತಿ, ನೋಡಿ ಬಾಯಿ ಕಟ್ಟಿಹೋತು ನನಗ.” ಶಿಕಾಯತಿಯನ್ನು ಅಳಿಸಿಹಾಕಿದ್ದರು. ಆದರೆ ಹಣ ಅವರ ಖಾತೆಗೆ ಎಂದೋ ವಾಪಸು ಬಂದಿತ್ತು. ಮತ್ತೆ ಕಟ್ಟುತ್ತೇನೆ ಎಂದರು. ಶಾರದೆ ಏನೋ ಹೇಳಲು ಬಾಯಿ ತೆರೆಯುವುದರೊಳಗೆ ನಾನು ಪಕ್ಕದಿಂದ, ಅದಕ್ಕೇನವಸರ, ಬರುವವರ ಕೈಯಲ್ಲಿ ನಿಧಾನವಾಗಿ ಕಳಿಸಲಿ ಎಂದುಬಿಟ್ಟೆ. ಉಪಚಾರಕ್ಕೆ ಆಡಿದ ಮಾತು.

ಪಿತೃಪಕ್ಷ ಬಂತು. ನಮಗೆ ಅದು ಸುಗ್ಗಿ, ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಹುಬ್ಬಳ್ಳಿಯಿಂದಲೂ ಒಂದು ತಂಡ ಬಂದಿತ್ತು. ಶ್ರಾದ್ಧ ಮುಗಿದ ಮೇಲೆ ಅವರಲ್ಲಿ ಹಿರಿಯರೊಬ್ಬರು ತಟ್ಟೆಯಲ್ಲಿ ವೀಳ್ಯದೆಲೆ, ರವಿಕೆಯ ಖಣ, ತೆಂಗಿನಕಾಯಿ, ಮೇಲೊಂದು ಲಕೋಟೆ ಇಟ್ಟು, “ವಿಜಯಾಬಾಯಾರು ಕೊಟ್ಟು ಕಳಿಸ್ಯಾರ್ರಿ” ಎಂದು ನನ್ನ ಮುಂದೆ ಹಿಡಿದರು. ನಾನು ಬೆಳಗಿನಿಂದ ಬಂದ ತಟ್ಟೆಗಳನ್ನು ಹೇಗೆ ಸ್ವೀಕರಿಸಿದ್ದೆನೋ ಅದೇ ರೀತಿ ಇದಕ್ಕೂ ಕೈಯೊಡ್ಡಿದೆ, ನೀರು ಬಿಡಿಸಿದೆ, ಕೊಟ್ಟವರ ಗೋತ್ರ ಗೊತ್ತಿಲ್ಲದ್ದರಿಂದ ಕಾಶ್ಯಪ ಎಂದು ಹೇಳಿ ಆಶೀರ್ವಾದ ಮಾಡಿದೆ, ಲಕೋಟೆಯನ್ನು ಕಣ್ಣಿಗೊತ್ತಿ ಸೊಂಟಕ್ಕೆ ಸಿಕ್ಕಿಸಿದೆ. ಆಗಷ್ಟೇ ನಡುಮನೆಯ ಬಾಗಿಲಲ್ಲಿ ನಿಂತ ಶಾರದೆಯನ್ನು ನೋಡಿದ್ದು.

ಅವರೆಲ್ಲ ಹೋದ ಮೇಲೆ ಲಕೋಟೆಯನ್ನು ಅವಳ ಕೈಗೆ ಕೊಡಲು ಹೋದೆ. ಅವಳು ಕೈ ಚಾಚಲಿಲ್ಲ. “ಖಣ ಕೊಡಿ, ಅದು ನಂಗೆ ಬಂದಿದ್ದು. ದುಡ್ಡು ನಿಮ್ಮ ದಕ್ಷಿಣೆ. ನೀರು ಬಿಡಿಸಿಕೊಂಡು ತಗೊಂಡಿದ್ದೀರಿ.”

“ಅಲ್ಲ ಕಣೇ, ಅಷ್ಟೇ ದುಡ್ಡು ತಾನೆ? ಯಾರ ಕೈಯಿಂದ ಬಂದರೇನು?”

“ಅಷ್ಟೇ ದುಡ್ಡು. ಆದರೆ ನಂಗೆ ಬೇಕಾಗಿದ್ದು ದುಡ್ಡಲ್ಲ ಅಂತ ನಿಮಗೆ ಇನ್ನೂ ತಿಳೀಲಿಲ್ಲ” ಎಂದು ಹೇಳಿ ಅವಳು ಒಳಗೆ ಹೋದಳು. ಅಳುತ್ತಿದ್ದಳೋ ಏನೋ, ಒಲೆಯ ಹೊಗೆ ಎಂದು ನಾನು ನಂಬಿಕೊಂಡೆ. ನಮ್ಮ ಮನೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾಗಿತ್ತು.

ಕೆಲವು ದಿನ ಆ ಲಕೋಟೆ ಸೊಂಟದಲ್ಲಿ ಚುಚ್ಚುತ್ತಿತ್ತು. ಪಿತೃಪಕ್ಷ ಮುಗಿದ ಮೇಲೆ ಒಂದು ಉಪಾಯ ಹೊಳೆಯಿತು. ಉಪಾಯ ಎನ್ನುವುದಕ್ಕಿಂತ ಎರಡು ತುರಿಕೆಗಳು ಎಂದರೆ ಸರಿ. ಒಂದು, ಶಾರದೆಯ ಮುಖ ನೋಡಲು ಆಗುತ್ತಿರಲಿಲ್ಲ. ಇನ್ನೊಂದು, ಅಷ್ಟೆಲ್ಲ ಆದರೂ ಆ ಹಣದ ದಾರಿಯನ್ನು ಕೊನೆಯವರೆಗೆ ಕಾಣುವುದು ನನಗೆ ಉಳಿದೇ ಹೋಗಿತ್ತು. ಬ್ಯಾಂಕಿನವರು ಎಂದೋ ನನ್ನ ಹೆಸರಿಗೆ ಕಳಿಸಿದ ಕಾರ್ಡೊಂದು ಕವರ್ ಕೂಡ ಒಡೆಯದೆ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮದ ಪಕ್ಕದಲ್ಲಿತ್ತು. ಲಕೋಟೆಯ ಹಣವನ್ನು ನನ್ನ ಖಾತೆಗೆ ಕಟ್ಟಿ, ಕಾರ್ಡನ್ನು ತೆಗೆದುಕೊಂಡು, ಗಾಯತ್ರಿಯನ್ನು ಕರೆದುಕೊಂಡು ಸೋನಾರ್‌ಪುರಕ್ಕೆ ಹೋದೆ. ಹದಿನಾರೆಳೆ ಗೆಜ್ಜೆವಸ್ತ್ರ, ಎರಡು ಜೊತೆ. ಮಾರುವವರು ಶಾರದೆ, ಹನುಮಾನ್ ಘಾಟ್, ವಾರಾಣಸಿ. ಕೊಳ್ಳುವವರು ನಾನು, ಹನುಮಾನ್ ಘಾಟ್, ವಾರಾಣಸಿ. “ಅಪ್ಪಾ, ಇದು ಪಾಗಲ್‌ಪನ್” ಎಂದಳು ಗಾಯತ್ರಿ. ಹೌದು, ಒತ್ತು ಎಂದೆ. ಒತ್ತಿದಳು. ನನ್ನ ಹಣ ಕಣ್ಣೆದುರೇ ನನ್ನ ಖಾತೆಯಿಂದ ಹೋಯಿತು. ಎಲ್ಲಿ ಹೋಯಿತು ಎಂದು ಕಣ್ಣಿಟ್ಟು ನೋಡಿದೆ. ಒಂದು ಪುಟ್ಟ ಚಕ್ರ ತಿರುಗಿತು, ನಿಂತಿತು. ಅಷ್ಟೇ ಕಂಡದ್ದು.

ಮೇಲ್ ಓದಿಸಿಕೊಂಡಾಗ ಶಾರದೆ ನನ್ನ ಕಡೆ ನೋಡಲಿಲ್ಲ, ನಗಲೂ ಇಲ್ಲ. ಹೊಸ ಹತ್ತಿ ಬಿಡಿಸಿದಳು. ಆಗಲೇ ಮಾಡಿಟ್ಟದ್ದು ಡಬ್ಬಿಯ ತುಂಬ ಇತ್ತು, ಅದರಲ್ಲೇ ಕೊಡಬಹುದಲ್ಲ ಎಂದೆ. “ಗಿರಾಕಿ ಜೊತೆ ನಾನು ಮಾತಾಡೋದಿಲ್ಲ” ಎಂದಳು. ಪೆಟ್ಟಿಗೆ ಕಟ್ಟಿ, ನಾನು ತೆಗೆದುಕೊಂಡು ಹೋಗುತ್ತೇನೆ ಎಂದರೂ ಕೊಡದೆ, ತಾನೇ ಗೋದೌಲಿಯಾದ ಕೊರಿಯರ್ ಅಂಗಡಿಗೆ ನಡೆದುಹೋಗಿ, ಚೀಟಿ ಪಡೆದು, ಗಾಯತ್ರಿಯ ಕೈಯಲ್ಲಿ ನಂಬರು ತುಂಬಿಸಿದಳು. ಪೆಟ್ಟಿಗೆ ಅಲ್ಲಿಂದ ಊರಾಚೆಯ ಯಾವುದೋ ಗೋದಾಮಿಗೆ ಹೋಗಿ ತಂಗಿ ತಿರುಗಿ ಬಂತು. ಕೊರಿಯರಿನವನು ಕಳಿಸಿದವರ ವಿಳಾಸವನ್ನೂ ಪಡೆಯುವವರ ವಿಳಾಸವನ್ನೂ ನೋಡಿ, “ಕಾ ಗುರೂ, ಘರ್ ಸೇ ಘರ್?” ಎಂದು ನಕ್ಕ. ರುಜು ಹಾಕಿಕೊಟ್ಟೆ.

ಗುಂಡಿ ಒತ್ತುವ ಮೊದಲು ತಾಣ ಒಂದು ಪ್ರಶ್ನೆ ಕೇಳುತ್ತದೆ: ವಸ್ತು ಹೇಳಿದಂತೆಯೇ ಇದೆಯೇ? ಸುಳ್ಳು ಹೇಳಬಾರದಲ್ಲ, ಬಿಚ್ಚಿ ನೋಡಿದೆ. ಕಿಟಕಿಯ ಬೆಳಕಿನಲ್ಲಿ ಹಿಡಿದು ನೋಡಿದೆ. ಒಂದು ಗೆಜ್ಜೆಯಿಂದ ಇನ್ನೊಂದಕ್ಕೆ ಎಳೆ ಎಲ್ಲೂ ದಪ್ಪವಾಗಿರಲಿಲ್ಲ, ತೆಳುವಾಗಿರಲಿಲ್ಲ. ಕುಂಕುಮದ ಬೊಟ್ಟುಗಳು ಒಂದೂ ಹರಡಿರಲಿಲ್ಲ. ದಿನವೂ ನನ್ನ ಕೈಯಿಂದಲೇ ದೇವರಿಗೆ ಏರುತ್ತಿದ್ದ ವಸ್ತು, ನಾನು ಮೊದಲ ಸಲ ನೋಡಿದ್ದು ಹಣ ಕೊಟ್ಟು ತರಿಸಿಕೊಂಡ ಮೇಲೆ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಇನ್ನೂ ನೋಡುತ್ತ ಕೂರಬೇಕು ಎನಿಸಿತು.

ಕೆಫೆಗೆ ಹೋಗಿ ಗುಂಡಿ ಒತ್ತಿದೆ. ‘ನ ಮಮ’ ಎಂದು ಬಾಯಲ್ಲೂ ಹೇಳಿದೆ. ಅಷ್ಟಕ್ಕೇ ಬಿಡುವುದಿಲ್ಲ ಆ ತಾಣ, ನಾಲ್ಕು ಮಾತು ಅಭಿಪ್ರಾಯ ಬರೆಯಿರಿ ಎನ್ನುತ್ತದೆ. ಸಾವಿರ ಹೆಸರಿನಿಂದ ದೇವರನ್ನು ಹೊಗಳುವವನಿಗೆ ಹೆಂಡತಿಯ ಬಗ್ಗೆ ಒಂದು ವಾಕ್ಯ ಹೊರಡಲು ಮಿಶ್ರಾಜಿ ಎರಡು ಪಾನ್ ಮುಗಿಸಬೇಕಾಯಿತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವನ್ನು ಹುಡುಕಿ ಹುಡುಕಿ ಒತ್ತಿದೆ. ಏನು ಬರೆದೆ ಎಂದು ಇಲ್ಲಿ ಹೇಳುವುದಿಲ್ಲ. ಅದು ಮಾರಿದವರಿಗೂ ಕೊಂಡವರಿಗೂ ಸಂಬಂಧಿಸಿದ್ದು. ನಡುವಿನ ಸೇವೆಯವರು ಓದಿರಬಹುದು, ಕಮಿಷನ್ ತಿಂದಿದ್ದಾರೆ, ಓದಲಿ.

ಒಂದು ಸಂಜೆ ಶಾರದೆ ಗಾಯತ್ರಿಯ ಜೊತೆ ಹೊರಗೆ ಹೋಗಿ ಬಂದಳು. ಬಂದವಳು ಸೀರೆಗಳ ಕೆಳಗಿದ್ದ ಪಾಸ್‌ಬುಕ್ಕನ್ನು ತೆಗೆದು ಮತ್ತೆ ದೇವರ ಗೂಡಿನಲ್ಲಿ ಇಟ್ಟಳು. ಹಣ ಬಂದಿರಬೇಕು. ಆದರೆ ನಾನು ಬರೆದದ್ದನ್ನು ಓದಿದಳೋ ಇಲ್ಲವೋ ಮುಖದಿಂದ ತಿಳಿಯುವಂತಿರಲಿಲ್ಲ. ಕಾಫಿ ಕೊಟ್ಟು ಹತ್ತಿ ಬಿಡಿಸಲು ಕೂತಳು. ನಾನು ಲೋಟ ಖಾಲಿ ಮಾಡಿದೆ, ಕೆಮ್ಮಿದೆ, ಇನ್ನು ತಡೆಯಲಾರದೆ ಕೇಳಿಯೇಬಿಟ್ಟೆ: “ಅಲ್ಲಾ, ನಾನು ಬರೆದಿದ್ದು... ಅದು ಮುಟ್ಟಿತೇನೇ?”

ಅವಳು ಹತ್ತಿ ಬಿಡಿಸುತ್ತಿದ್ದ ಕೈ ನಿಲ್ಲಿಸಲಿಲ್ಲ. “ನಿಮ್ಮ ಯಾತ್ರಿಕರು ಹೀಗೆ ಕೇಳಿದ್ರೆ ಏನು ಹೇಳ್ತೀರಿ?”

“ಶ್ರದ್ಧೆಯಿಂದ ಕೊಟ್ಟದ್ದು ಮುಟ್ಟೇ ಮುಟ್ಟುತ್ತದೆ ಅಂತೀನಿ.”

“ಆಮೇಲೆ?”

ಆಮೇಲಿನ ರಸೀದಿಯ ಮಾತನ್ನು ನಾನು ಹೇಳಲಿಲ್ಲ. ಅವಳೂ ಹೇಳಿಸಲಿಲ್ಲ. ಲೋಟ ತೊಳೆದಿಡಲು ಎದ್ದೆ.